ತಟ್ಟೆಯಲ್ಲಿ ಸತ್ತದ್ದು ಮೈಯಲ್ಲಿ ಸಾಯದು

ಸ್ಟರ್ಲಿಂಗ್, ವರ್ಜೀನಿಯಾ
ಭಾನುವಾರ, ಜೂನ್ 9, 2024

ಶೀಲಾ,

ಸಲಾಮು ಹೇಳಿದರೂ ನಮಸ್ಕಾರ ಹೇಳಿದರೂ ನಿನಗೆ ಒಂದೇ ಆಗಿದ್ದ ಕಾಲವೊಂದಿತ್ತು. ಆ ಕಾಲದ ಸಲುಗೆಯಲ್ಲಿ ಎರಡನ್ನೂ ತೆಗೆದುಕೋ.

ನಾನು ಕ್ಷೇಮ. ಮಂಡಿನೋವು ಬಿಟ್ಟರೆ ದೂರುವುದಕ್ಕೆ ಏನಿಲ್ಲ. ಸ್ಕೂಲ್ ಬಸ್ ಓಡಿಸುವ ಕೆಲಸ ಈ ವಾರಕ್ಕೆ ಮುಗಿದು ಬೇಸಿಗೆ ರಜೆ ಶುರುವಾಗುತ್ತದೆ. ಹಫೀಜ್ ತೀರಿಕೊಂಡಾಗ ನೀನು ಕಳಿಸಿದ ಕಾರ್ಡಿಗೆ ಒಂಬತ್ತು ತಿಂಗಳಾದರೂ ಉತ್ತರ ಬರೆದಿಲ್ಲ. ಅದಕ್ಕೆ ಕ್ಷಮೆ ಕೇಳುವುದು ಶಿಷ್ಟಾಚಾರ, ಕೇಳಿದೆ ಅಂದುಕೋ. ನಿಜ ಏನೆಂದರೆ, ಬರೆಯಲು ಕೂತಾಗಲೆಲ್ಲ ಪೆನ್ನು ಬೈಗುಳವನ್ನೇ ಕಕ್ಕುತ್ತಿತ್ತು. ನಮ್ಮ ಬೇಸ್‌ಮೆಂಟಿನಲ್ಲಿ ನಾಲ್ಕೂವರೆ ತಿಂಗಳು ನಿನಗೆ ಗಂಜಿ ಕಾಯಿಸಿದವನು, ನೀನು ವಾಂತಿ ಮಾಡಿಕೊಂಡ ಬಕೆಟ್ಟನ್ನು ಮುಖ ಸಿಂಡರಿಸದೆ ತೊಳೆದವನು ನನ್ನ ಗಂಡ. ಅವನ ಜನಾಜಕ್ಕೆ ನೀನು ಬರಲಿಲ್ಲ. ನಿನ್ನ ಹೂವಿನ ಬುಟ್ಟಿ ಬಂತು. ಅದರ ರಿಬ್ಬನ್ ಮೇಲೆ ನಿನ್ನ ಹೆಸರೂ ಇರಲಿಲ್ಲ, 'ಅಟ್ಲಾಂಟಾದ ಸ್ನೇಹಿತರಿಂದ' ಅಂತಿತ್ತು.

ಇರಲಿ. ಅದಕ್ಕಾಗಿ ಬರೆಯುತ್ತಿಲ್ಲ.

ವಾಟ್ಸಾಪ್ ಬಿಟ್ಟು ಇವಳು ಕಾಗದ ಯಾಕೆ ಹಿಡಿದಳು ಅಂತ ನಿನಗೆ ಅನ್ನಿಸಬಹುದು. ನಿನ್ನ ಫೋನು ಮನೆಯ ಐಪ್ಯಾಡಿಗೆ ಅಂಟಿಕೊಂಡಿದೆ, ಐಪ್ಯಾಡು ನಿನ್ನ ಮಗಳು ತನ್ವಿಯ ಕೈಯಲ್ಲಿರುತ್ತದೆ. ನಿನ್ನ ಗುಟ್ಟನ್ನು ನಾನು ಇನ್ನೂ ಕಾಯುತ್ತಿದ್ದೇನೆ ಅನ್ನುವುದಕ್ಕೆ ಈ ಕಾಗದವೇ ಸಾಕ್ಷಿ. ಅದಕ್ಕೇ ಮನೆಗಲ್ಲ, ನಿನ್ನ ಆಫೀಸಿಗೆ ಕಳಿಸುತ್ತಿದ್ದೇನೆ.

ಈಗ ಕೇಳು. ನನ್ನ ತಂಗಿ ಹಫ್ಸಾ, ಏಳು ವರ್ಷದಿಂದ ನಿನ್ನ ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶ ಬೆಳೆಸಿ, ತೊಳೆದು, ಕೊಂದು, ಎಣಿಸಿ ನಿನಗೆ ಒಪ್ಪಿಸುವ ನಿನ್ನ ಟೆಕ್ನಿಷಿಯನ್, ಬೆನ್ನುನೋವು ಅಂತ ನಿನಗೆ ಇಮೇಲ್ ಹಾಕಿ ರಜೆಯ ಮೇಲಿದ್ದಾಳಲ್ಲ, ಅದು ಬೆನ್ನುನೋವಲ್ಲ. ಎಡ ಎದೆಯಲ್ಲಿ ಗಡ್ಡೆ. ಮಾರ್ಚ್‌ನಲ್ಲಿ ಬಯಾಪ್ಸಿ ಆಯಿತು. ಎರಡು ಸೆಂಟಿಮೀಟರ್. ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡೋಣ, ಗುಣವಾಗುವ ಹಂತದಲ್ಲೇ ಇದೆ ಅಂತ ಡಾಕ್ಟರು ಹೇಳಿದ್ದಾರೆ. ಇವಳು ಎರಡು ಸಲ ಕೀಮೋ ದಿನ ಹಾಕಿಸಿಕೊಂಡು ಎರಡು ಸಲವೂ ಕ್ಯಾನ್ಸಲ್ ಮಾಡಿದ್ದಾಳೆ. ನನಗೆ ಇದೆಲ್ಲ ಗೊತ್ತಾದದ್ದು ಹೋದ ಗುರುವಾರ, ಅವಳ ಗಂಡ ತೌಸಿಫ್ ಆಫೀಸಿನ ಪಾರ್ಕಿಂಗ್ ಲಾಟಿನಿಂದ ಅಳುತ್ತಾ ಫೋನ್ ಮಾಡಿದಾಗ.

"ಆಪಾ, ನನ್ನ ಮಾತು ಕೇಳ್ತಿಲ್ಲ. ದಿನಕ್ಕೆ ಎಂಟು ವಿಟಮಿನ್ ಇ ಮಾತ್ರೆ ನುಂಗ್ತಾಳೆ. ಆನ್‌ಲೈನಲ್ಲಿ ಅದ್ಯಾವುದೋ ಸ್ಪೆಷಲ್ ತರಿಸ್ಕೊಂಡಿದಾಳೆ, ಟೊಕೊ ಏನೋ. ಕೀಮೋ ಅಂದ್ರೆ ಸಾಕು, ಶೀಲಕ್ಕಂಗೆ ವರ್ಕ್ ಆಯ್ತಲ್ಲ, ನಂಗ್ಯಾಕೆ ಆಗಲ್ಲ ಅಂತಾಳೆ."

ಶೀಲಕ್ಕಂಗೆ ವರ್ಕ್ ಆಯ್ತಲ್ಲ.

ಈ ಮೂರು ಪದ ಕಿವಿಗೆ ಬಿದ್ದಾಗ ನಾನು ಫೋನನ್ನು ಗೋಡೆಗೆ ಎಸೆಯಬೇಕಿತ್ತು, ಎಸೆಯಲಿಲ್ಲ. ನಿನಗೆ ಏನು ವರ್ಕ್ ಆಯಿತು ಅಂತ ಈ ದೇಶದಲ್ಲಿ ಬಲ್ಲವರು ನಿನ್ನ ಡಾಕ್ಟರನ್ನು ಬಿಟ್ಟರೆ ಮೂವರಿದ್ದೆವು. ಹಫೀಜ್ ಹೋದ. ನಿನ್ನ ಗಂಡ ರಾಜೀವ ಬಾಯಿ ಬಿಡುವವನಲ್ಲ. ಉಳಿದವಳು ನಾನು.

2021ರ ಸೆಪ್ಟೆಂಬರ್. ಲ್ಯಾಬಿನಲ್ಲಿದ್ದಾಗಲೇ ನಿನಗೆ ಬಯಾಪ್ಸಿ ಫೋನು ಬಂತು, ಪಕ್ಕದಲ್ಲಿ ಹಫ್ಸಾ ಇದ್ದಳು, ಆದ್ದರಿಂದ ನಿನಗೂ ಇದೇ ಎದೆಯ ಕ್ಯಾನ್ಸರ್ ಬಂದದ್ದು ಅವಳಿಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಎಲ್ಲರಿಗೂ 'ಬೆಂಗಳೂರಿಗೆ, ಅಮ್ಮನ ಹತ್ತಿರ' ಅಂತ ಹೇಳಿ ನೀನು ನನ್ನ ಮನೆಗೆ ಬಂದೆ. ನಮ್ಮೂರು ಜಾನ್ಸ್ ಕ್ರೀಕಿನ ಆಸ್ಪತ್ರೆಗೆ ಹೋದರೆ ಕನ್ನಡ ಕೂಟದ ಅರ್ಧ ಜನ ವೇಯ್ಟಿಂಗ್ ರೂಮಿನಲ್ಲೇ ಸಿಗುತ್ತಾರೆ ಅಂದೆ. ಮೂರು ವಾರಕ್ಕೊಂದರಂತೆ ಆರು ಕೀಮೋ. ಆರಕ್ಕೂ ನಾನೋ ಹಫೀಜನೋ ನಿನ್ನನ್ನು ಕರೆದುಕೊಂಡು ಹೋದೆವು. ಮೊದಲ ದಿನವೇ ಡಾಕ್ಟರು 'ಯಾವುದಾದರೂ ಸಪ್ಲಿಮೆಂಟ್ ತಗೊಳ್ತಿದ್ದೀರಾ' ಅಂತ ಕೇಳಿ, ವಿಟಮಿನ್ ಇ ಸೇರಿ ಎಲ್ಲವನ್ನೂ ನಿಲ್ಲಿಸಿ ಅಂದರು. ನೀನು ಮನೆಗೆ ಬಂದು ನಿನ್ನ ಬಾಟಲನ್ನು ನಮ್ಮ ಕಸದ ಡಬ್ಬಿಗೆ ಹಾಕಿದೆ. ಒಂದೇ ಒಂದು ಮಾತ್ರೆ ನುಂಗಲಿಲ್ಲ.

ನಾನು ಅಂದೇ ಕೇಳಿದ್ದೆ, ಇಪ್ಪತ್ತು ವರ್ಷದಿಂದ ನೀನು ಹಾಡುತ್ತಿರುವ ಮದ್ದನ್ನು ನೀನೇ ಯಾಕೆ ತೆಗೆದುಕೊಳ್ಳುವುದಿಲ್ಲ ಅಂತ. ನೀನು ಬೇಸ್‌ಮೆಂಟಿನ ಸೋಫಾದಲ್ಲಿ ಕಂಬಳಿ ಹೊದ್ದು ಕೂತು ಪಾಠ ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ:

"ನಾಸಿ, ತಟ್ಟೆಯಲ್ಲಿರೋ ಕೋಶಕ್ಕೆ ಹೊಟ್ಟೆ ಇಲ್ಲ, ಕರುಳಿಲ್ಲ, ಲಿವರಿಲ್ಲ. ನಾನು ಮದ್ದನ್ನ ನೇರ ಅದರ ತಲೆ ಮೇಲೆ ಸುರೀತೀನಿ, ಎಲ್ಲಿಗೆ ಓಡುತ್ತೆ ಪಾಪ? ಸಾಯುತ್ತೆ. ಅದನ್ನೇ ನೀನು ನುಂಗಿದ್ರೆ ಕರುಳು ಸ್ವಲ್ಪ ಒಡೆದು ಹಾಕುತ್ತೆ, ಉಳಿದಿದ್ದನ್ನ ಲಿವರು ಗುರುತು ಹಿಡಿದು ಆಚೆ ದಬ್ಬುತ್ತೆ. ರಕ್ತಕ್ಕೆ ಬರೋದು ಚಿಟಿಕೆಯಷ್ಟು. ತಟ್ಟೆಲಿ ಸತ್ತಿದ್ದು ಮೈಯಲ್ಲಿ ಸಾಯಲ್ಲ ಕಣೇ. ಬ್ಲೀಚ್ ಸುರಿದ್ರೂ ತಟ್ಟೆಲಿ ಕ್ಯಾನ್ಸರ್ ಸಾಯುತ್ತೆ."

"ಹಾಗಾದ್ರೆ ಯಾಕೆ ಮಾಡ್ತಿದೀಯ ಇದನ್ನ?"

"ಮುಂದೊಂದು ದಿನ ಗಡ್ಡೆವರೆಗೂ ತಲುಪಿಸೋ ದಾರಿ ಸಿಗಬಹುದು ಅಂತ. ಇವತ್ತಲ್ಲ."

ಆ ಉತ್ತರಕ್ಕೆ ಅವತ್ತು ನಾನು ಮನಸ್ಸಿನಲ್ಲೇ ಕೈಮುಗಿದಿದ್ದೆ. ವಿಜ್ಞಾನಿ ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ. ಆ ಮಾತನ್ನು ಹಫ್ಸಾಗೆ ಹೇಳು. ಇಷ್ಟೇ ನಾನು ಕೇಳುವುದು. ಅವಳಿರುವ ಆಲ್ಫರೆಟಾ ನಿನಗೆ ಹದಿನೈದು ನಿಮಿಷದ ದಾರಿ. ಹೋಗು, ಬಾಗಿಲು ಹಾಕಿಕೋ, 'ನಾನು ಆರು ಕೀಮೋ ತಗೊಂಡೆ ಕಣೇ, ಅದರಿಂದ ಬದುಕಿದೆ' ಅನ್ನು. ಅವಳು ಬೇರೆ ಯಾರನ್ನೂ ನಂಬುವುದಿಲ್ಲ. ತೌಸಿಫ್ ಕಾಲು ಹಿಡಿದು ಮತ್ತೆ ದಿನ ಹಾಕಿಸಿದ್ದಾನೆ: ಜುಲೈ ಒಂದು, ಸೋಮವಾರ.

ತನ್ವಿಗೆ ಮದುವೆ ಮಾತು ನಡೆಯುತ್ತಿದೆಯಂತೆ, ಒಳ್ಳೆಯದಾಗಲಿ. ರಾಜೀವನಿಗೆ ಕೇಳಿದೆನೆಂದು ಹೇಳು.

ಇನ್ನೂ ನಿನ್ನ ಗೆಳತಿ ಅಂದುಕೊಂಡಿರುವ
ನಾಸಿರಾ


ಸ್ಪಾರ್ಟನ್‌ಬರ್ಗ್, ಸೌತ್ ಕ್ಯಾರೊಲಿನಾ
ಸೋಮವಾರ, ಜೂನ್ 24, 2024

ಶೀಲಾ,

ಕುಶಲ ಕೇಳುವುದಿಲ್ಲ. ನೀನು ಕುಶಲವಾಗಿದ್ದೀಯ ಅಂತ ನನ್ನ ಕಣ್ಣಿಗೇ ಬಿದ್ದಿದೆ. ನಿನ್ನ ಕಾರು ಡ್ರೈವ್‌ವೇನಲ್ಲಿತ್ತು, ಮೇಲಿನ ಕಿಟಕಿಯಲ್ಲಿ ಪರದೆ ಅಲುಗಿತು. ನಿನಗೆ ಉತ್ತರಿಸುವುದು ಹತ್ತು ದಿನ ತಡವಾದದ್ದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ, ಯಾಕೆಂದರೆ ನನ್ನ ಮೂರು ಪುಟದ ಕಾಗದಕ್ಕೆ ನೀನು ಕಳಿಸಿದ್ದು ಐದು ಸಾಲಿನ ಮೆಸೇಜು ಮತ್ತು ಹಫ್ಸಾ ಮನೆಗೊಂದು ಹಣ್ಣಿನ ಬುಟ್ಟಿ. ಬುಟ್ಟಿಯ ಖಯಾಲಿ ನಿನಗೆ ಬಿಡಲೇ ಇಲ್ಲ.

ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ. "ನಾಸಿ, ಸೋ ಸಾರಿ. ಹಫ್ಸಾಗೆ ಪ್ರೇ ಮಾಡ್ತಿದೀನಿ. ಪ್ಲೀಸ್ ಅರ್ಥ ಮಾಡ್ಕೋ, ಜುಲೈ 13ಕ್ಕೆ ತನ್ವಿ ಎಂಗೇಜ್‌ಮೆಂಟ್. ಸೌರಭ್ ಮನೇಲಿ ಎಲ್ಲಾ ಡಾಕ್ಟರ್ಸ್, ಫ್ಯಾಮಿಲಿ ಹಿಸ್ಟರಿ ಕೇಳ್ತಾರೆ. ಅದೊಂದು ಮುಗೀಲಿ, ಆಮೇಲೆ ನಾನೇ ಹೋಗಿ ಮಾತಾಡ್ತೀನಿ. ಇದನ್ನ ಡಿಲೀಟ್ ಮಾಡು."

ಡಿಲೀಟ್ ಮಾಡಿದ್ದೇನೆ. ಬಾಯಿಪಾಠವಾದ ಮೇಲೆ.

ಗಡ್ಡೆಗೆ ಪಂಚಾಂಗ ಓದಲು ಬರುವುದಿಲ್ಲ ಶೀಲಾ. ನಿನ್ನ ಮಗಳ ನಿಶ್ಚಿತಾರ್ಥ ಮುಗಿಯಲಿ ಅಂತ ಅದು ಕೈಕಟ್ಟಿ ಕೂರುವುದಿಲ್ಲ. ಇದನ್ನು ನಾನು, ಬಸ್ ಓಡಿಸುವವಳು, ಮೂವತ್ತು ವರ್ಷ ಅದನ್ನೇ ತಟ್ಟೆಯಲ್ಲಿಟ್ಟು ನೋಡಿದ ನಿನಗೆ ಹೇಳಿಕೊಡಬೇಕೇ?

ಶುಕ್ರವಾರ ಬೆಳಿಗ್ಗೆ ಕಾರು ಹತ್ತಿದೆ. ಸ್ಟರ್ಲಿಂಗಿನಿಂದ ಎರಡು ಕ್ಯಾರೊಲಿನಾಗಳನ್ನು ದಾಟಿ ಆಲ್ಫರೆಟಾಕ್ಕೆ ಹನ್ನೊಂದು ಗಂಟೆ. ಹಫ್ಸಾ ಬಾಗಿಲು ತೆಗೆದಳು. ಕೆನ್ನೆ ಇಳಿದಿದೆ, ಆದರೆ ನಾಲಗೆ ಇಳಿದಿಲ್ಲ. "ಬಂದ್ರಾ ಆಪಾ? ಖಾಲಿ ಬಸ್ಸು ತಂದಿದೀರಲ್ಲ, ಮಕ್ಕಳನ್ನೆಲ್ಲ ಎಲ್ಲಿ ಇಳಿಸಿದ್ರಿ?" ಅಂದಳು. ನನಗೆ ನಗು ಬಂತು, ಅವಳನ್ನು ತಬ್ಬಿಕೊಂಡಾಗ ಎಡಗಡೆಯಿಂದ ಸ್ವಲ್ಪ ಹಿಂದೆ ಸರಿದಳು. ಅಷ್ಟರಲ್ಲೇ ಎಲ್ಲ ತಿಳಿಯಿತು.

ಶನಿವಾರ ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ನಾನು ಕಂಡದ್ದನ್ನು ಹೇಳಿದರೆ ನಿನಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಒಲೆಯ ಪಕ್ಕ ಬಾಟಲುಗಳು ಸಾಲಾಗಿ, ಪ್ರತಿಯೊಂದರ ಮೇಲೂ ಬಿಳಿ ಟೇಪು, ಟೇಪಿನ ಮೇಲೆ ತೆರೆದ ತಾರೀಖು. ಪಕ್ಕದಲ್ಲಿ ಕಪ್ಪು ರಟ್ಟಿನ ಲ್ಯಾಬ್ ನೋಟ್‌ಬುಕ್. ನಿನ್ನ ಲ್ಯಾಬಿನಲ್ಲಿ ಇರುತ್ತದಲ್ಲ, ಅಂಥದೇ, ಪುಟಗಳಿಗೆ ನಂಬರ್ ಹಾಕಿದ್ದು. ಏಳು ವರ್ಷ ನಿನಗೆ ಬರೆದುಕೊಟ್ಟ ಕ್ರಮದಲ್ಲೇ ಈಗ ತನ್ನ ಮೈಯ ಬಗ್ಗೆ ಬರೆಯುತ್ತಿದ್ದಾಳೆ: ದಿನಾಂಕ, ಮಾತ್ರೆ ಎಷ್ಟು, ಊಟದ ಮುಂಚೆಯೋ ಆಮೇಲೋ, ಗಡ್ಡೆಯ ಉದ್ದ ಎಷ್ಟು, ಅಗಲ ಎಷ್ಟು. ಬೆಳಿಗ್ಗೆ ಸ್ನಾನವಾದ ಮೇಲೆ ಕನ್ನಡಿ ಮುಂದೆ ನಿಂತು ಅಳೆಯುವ ಕಡ್ಡಿಯಲ್ಲಿ ತಾನೇ ಅಳೆಯುತ್ತಾಳೆ. ತಪ್ಪಾಗಿ ಬರೆದದ್ದನ್ನು ಅಳಿಸಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದಾಳೆ. ನೀನು ಕಲಿಸಿದ ಶಿಸ್ತು. ಮಾರ್ಚ್‌ನಲ್ಲಿ ಎರಡು ಇದ್ದದ್ದು ಜೂನ್ ಇಪ್ಪತ್ತೆರಡಕ್ಕೆ ಮೂರೂವರೆ.

"ಹೆಚ್ಚಾಗ್ತಿದೆಯಲ್ಲೇ, ನಿನ್ನ ಕೈಬರಹದಲ್ಲೇ ಇದೆ" ಅಂದೆ.

"ಊತ ಆಪಾ ಅದು. ಸಾಯೋ ಮುಂಚೆ ಊದುತ್ತೆ. ನಾನು ನೋಡಿಲ್ವಾ? ನಮ್ಮ ಕಾಂಪೌಂಡ್ ಹಾಕಿದ ಮೊದಲ ದಿನ ತಟ್ಟೆಲಿ ಏನೂ ಕಾಣಲ್ಲ. ಕೋಶ ಎಲ್ಲ ಕಾಲು ಚಾಚಿ ಅಂಟ್ಕೊಂಡು ಆರಾಮಾಗಿರುತ್ತೆ. ಎರಡನೇ ದಿನ ದುಂಡಗಾಗುತ್ತೆ, ಮೂರನೇ ದಿನ ತೇಲುತ್ತೆ. ನೀಲಿ ಬಣ್ಣ ಹಾಕಿದ್ರೆ ಸತ್ತಿರೋದೆಲ್ಲ ನೀಲಿ. ನನ್ನ ಕೈಯಲ್ಲಿ ಎಷ್ಟು ಲಕ್ಷ ಸತ್ತಿದೆ ಗೊತ್ತಾ ನಿಮಗೆ?"

"ಮೂರನೇ ದಿನ ತೇಲುತ್ತೆ ಅಂತೀಯ. ಮೂರು ತಿಂಗಳಾಯ್ತಲ್ಲ."

"ಮೈ ದೊಡ್ಡದು ಆಪಾ. ಟೈಮ್ ಹಿಡಿಯುತ್ತೆ."

"ಒಬ್ಬಳ ಮೇಲೆ ಮಾಡಿದ್ದನ್ನ ಪ್ರಯೋಗ ಅಂತಾರೇನೇ?"

ಅದಕ್ಕವಳು ನೋಟ್‌ಬುಕ್ಕಿನ ಮೊದಲ ಪುಟ ತಿರುಗಿಸಿ ನನ್ನ ಮುಂದಿಟ್ಟಳು. "ಒಬ್ಬಳಲ್ಲ, ಇಬ್ಬರು" ಅಂದಳು. ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಕೇಸ್ ಒಂದು, ಎಸ್., 2021, ಗುಣವಾಗಿದ್ದಾರೆ. ಕೇಸ್ ಎರಡು, ನಾನು.

ಎಸ್. ಅಂದರೆ ನೀನು. ಎದೆ ಮುಟ್ಟಿಕೊಂಡು ಓದು. ಒಂದು ಕುಟುಂಬಕ್ಕೆ ದೀಪವಾಗಿರುವ ಹೆಣ್ಣು ತನ್ನ ಪ್ರಾಣವನ್ನು ನಿನ್ನ ಒಂದಕ್ಷರದ ಮೇಲೆ ಇಟ್ಟಿದ್ದಾಳೆ.

ತೌಸಿಫ್ ಆ ಹೊತ್ತಿಗೆ ಸಿಂಕಿನ ಹತ್ತಿರ ನಿಂತು ಒಂದೇ ಲೋಟವನ್ನು ಹತ್ತು ನಿಮಿಷದಿಂದ ತೊಳೆಯುತ್ತಿದ್ದ. "ಡಾಕ್ಟರ್ ಏನಂದ್ರು ಹೇಳು ಆಪಾಗೆ" ಅಂದ. ಕೊನೆಗೆ ಅವನೇ ಹೇಳಿದ. ಕಂಕುಳಿನ ಒಂದು ಗಂಟಿಗೂ ಹೋಗಿದೆಯಂತೆ. ಈಗಲೂ ಗುಣವಾಗುತ್ತದೆ, ಇನ್ನೂ ಕಾದರೆ ಆ ಮಾತು ಹೇಳಲಾರೆ ಅಂದರಂತೆ.

ಅದೇ ಮಧ್ಯಾಹ್ನ ನಿನ್ನ ಮನೆಗೆ ಬಂದೆ. ಬೆಲ್ ಒತ್ತಿದೆ. ರಾಜೀವ ಬಾಗಿಲನ್ನು ಅರ್ಧ ತೆರೆದು, ಆ ಅರ್ಧದಲ್ಲಿ ತಾನು ನಿಂತ.

"ಓ ನಾಸಿರಾ! ವಾಟ್ ಎ ಸರ್ಪ್ರೈಸ್. ಶೀಲಾ ಮಲಗಿದಾಳೆ, ತುಂಬಾ ಟೈರ್ಡ್ ಆಗಿದಾಳೆ ಪಾಪ. ಶಾಪಿಂಗು, ಡೆಕೊರೇಟರು, ಅದೂ ಇದೂ..."

"ಎಬ್ಬಿಸು. ಹನ್ನೊಂದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೇನೆ."

"ಕ್ಯಾರಿಯಿಂದ ಗುರುರಾಜ ಅವರು, ಸೌರಭ್ ತಂದೆ, ಈಗ ಬರ್ತಿದಾರೆ. ನೀವು ನಾಳೆ ಫೋನ್ ಮಾಡಿ, ಆಯ್ತಾ?"

ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ ನಿನ್ನ ಗಂಡ. ನಾಲ್ಕೂವರೆ ತಿಂಗಳು ನನ್ನ ಮನೆಯ ಅನ್ನ ತಿಂದು ಬದುಕಿದವಳ ಮನೆಯ ಮೆಟ್ಟಿಲ ಮೇಲೆ ನಾನು ಎಷ್ಟು ಹೊತ್ತು ನಿಂತಿದ್ದೆ ಅಂತ ಪರದೆಯ ಹಿಂದಿದ್ದವರನ್ನು ಕೇಳು.

ಅಲ್ಲಿ ನಿಂತಿದ್ದಾಗ ಒಂದು ಪ್ರಶ್ನೆಗೆ ಉತ್ತರ ಹೊಳೆಯಿತು. ಕೀಮೋ ತೆಗೆದುಕೊಳ್ಳಲು ನೀನು ನನ್ನ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂದೆ? ನ್ಯೂಜೆರ್ಸಿಯಲ್ಲಿ ನಿನ್ನ ಸ್ವಂತ ತಂಗಿ ಇದ್ದಾಳೆ. ಆಗ ನಾನು ಮೂರ್ಖಿ, ಸ್ನೇಹಕ್ಕಾಗಿ ಅಂದುಕೊಂಡೆ. ಅಲ್ಲ. ನಿನ್ನ ಬಂಧುಬಳಗ, ನಿನ್ನ ಕೂಟ, ನಿನ್ನ ಡಾಕ್ಟರ್ ಅಂಕಲ್‌ಗಳು ಯಾರೂ ಕಾಲಿಡದ ಮನೆ, ಬಂದರೂ ನೀರು ಮುಟ್ಟದ ಮನೆ ಈ ಅಮೆರಿಕದಲ್ಲಿ ನಿನಗೆ ಗೊತ್ತಿದ್ದದ್ದು ಒಂದೇ, ಈ ಸಾಬರ ಮನೆ. ಬಚ್ಚಿಟ್ಟುಕೊಳ್ಳಲು ಅದಕ್ಕಿಂತ ಭದ್ರವಾದ ಜಾಗ ಬೇಕೇ? ಕೂದಲು ಉದುರಿದ ಮೇಲೆ ನೀನು ನನ್ನ ದುಪಟ್ಟವನ್ನೇ ತಲೆಗೆ ಕಟ್ಟಿಕೊಂಡೆ. ಸ್ಟರ್ಲಿಂಗಿನ ಇಂಡಿಯನ್ ಸ್ಟೋರಿನಲ್ಲಿ ಕರಿಬೇವು ಆರಿಸುತ್ತಿದ್ದಾಗ ನಿಮ್ಮ ಕೂಟದ ಖಜಾಂಚಿ ಶ್ರೀದೇವಿ ಎದುರಿಗೇ ಬಂದಳು, ಮಗಳ ಮನೆಗೆ ಬಂದಿದ್ದಳಂತೆ. ನಿನ್ನ ಮುಖದ ಮೇಲೇ ಅವಳ ಕಣ್ಣು ಹಾದುಹೋಯಿತು. ಅವಳಿಗೆ ಕಂಡದ್ದು ತಲೆಗೆ ಬಟ್ಟೆ ಕಟ್ಟಿದ ಯಾವುದೋ ಒಬ್ಬ ಮುಸ್ಲಿಂ ಹೆಂಗಸು. ಕಾರಿನಲ್ಲಿ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ: "ನಾಸಿ, ನಿನ್ನ ಬಟ್ಟೆ ಹಾಕ್ಕೊಂಡ್ರೆ ನಾನು ಇನ್ವಿಸಿಬಲ್ ಆಗೋಗ್ತೀನಿ ಕಣೇ!"

ನಾನೂ ನಕ್ಕೆ. ನನ್ನ ಬಟ್ಟೆಯೊಳಗೆ ನಾನು ಅರವತ್ತು ವರ್ಷದಿಂದ ಇದ್ದೇನೆ ಅನ್ನುವುದು ಅವತ್ತು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಮೇಲೆ ಆಣೆ. ಕೊನೆಯ ಕೀಮೋ ಮುಗಿದ ದಿನ ನೀನು 'ಯಾರಿಗೂ ಹೇಳಬೇಡ, ಹಫ್ಸಾಗಂತೂ ಬೇಡ, ಕುರಾನ್ ಮೇಲೆ ಆಣೆ ಹಾಕು' ಅಂದೆ. ನಮಾಜಿಗಿಂತ ಮೋರ್ಚಾಗಳಿಗೇ ಹೆಚ್ಚು ಹೋದವಳು ನಾನು. ನಲವತ್ತು ವರ್ಷದ ಗೆಳೆತನದಲ್ಲಿ ನಿನಗೆ ನನ್ನ ಧರ್ಮಗ್ರಂಥ ನೆನಪಾದದ್ದು ಅದೊಂದೇ ಸಲ. ಹಾಕಿದೆ.

ಗುಣವಾಗಿ ಹೋದವಳು ಸುಮ್ಮನೆ ಇದ್ದೆಯಾ? ಹೋದ ವರ್ಷ ರಾಜ್ಯೋತ್ಸವದಲ್ಲಿ ನೀನು ಮಾಡಿದ ಭಾಷಣದ ವಿಡಿಯೊ ಹಫ್ಸಾ ತೋರಿಸಿದಳು. ಹೆಸರು 'ಅಡುಗೆಮನೆಯಲ್ಲೇ ಇದೆ ಮದ್ದು'. ತೌಡಿನೆಣ್ಣೆಯಲ್ಲಿರುವ ವಿಟಮಿನ್ ಇ ಬಗೆಗಳು, ಸ್ತನದ ಕ್ಯಾನ್ಸರ್ ಕೋಶ, ತೆರೆಯ ಮೇಲೆ ಒಂದಾದಮೇಲೊಂದು ಸಾಯುವ ದುಂಡನೆಯ ಚುಕ್ಕೆಗಳು, ಚಪ್ಪಾಳೆ. ಆ ಚುಕ್ಕೆಗಳ ಫೋಟೋ ತೆಗೆದವಳೂ ನನ್ನ ತಂಗಿಯೇ. ಕೊನೆಗೆ ಗುರುಶಾಂತಪ್ಪ ಅನ್ನುವ ಮುದುಕರೊಬ್ಬರು ಎದ್ದು ಕೇಳುತ್ತಾರೆ, "ಹಂಗಾದ್ರೆ ಈ ಕೀಮೋ ಗೀಮೋ ಬೇಡ ಅನ್ನವ್ವ?" ನೀನು ನಗುತ್ತೀಯ. "ಸಂಶೋಧನೆ ನಡೀತಿದೆ ಅಂಕಲ್" ಅನ್ನುತ್ತೀಯ. ಆ ನಗುವನ್ನು ನಾನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆ. 'ಬೇಕು ಅಂಕಲ್, ಖಂಡಿತ ಬೇಕು' ಅನ್ನಲು ಎಷ್ಟು ಉಸಿರು ಬೇಕಿತ್ತು? ನೀನು ಸುಳ್ಳು ಹೇಳಲಿಲ್ಲ, ಗೊತ್ತು. ಒಂದೇ ಒಂದು ಸುಳ್ಳು ಹೇಳದೆಯೂ ಜನರನ್ನು ಕೊಲ್ಲಬಹುದು ಅನ್ನುವುದಕ್ಕೆ ನಿನ್ನ ಭಾಷಣವೇ ಪಠ್ಯಪುಸ್ತಕ.

1985ರಲ್ಲಿ ಮೈಸೂರಿನ ಅಗ್ರಹಾರದಲ್ಲಿ ಒಬ್ಬ ಹುಡುಗಿ ಸುಟ್ಟುಹೋದಾಗ ನಾವಿಬ್ಬರೂ ಬೀದಿಯ ಮನೆಮನೆಗೆ ಹೋಗಿದ್ದೆವು. ಎಲ್ಲರೂ 'ಸ್ಟೌ ಸಿಡಿಯಿತಂತೆ' ಅಂದರು. ಎಲ್ಲರಿಗೂ ಅವಳ ಕೂಗು ಕೇಳಿಸಿತ್ತು. ಆಗ ನೀನು ಬಿ.ಎಸ್ಸಿ. ಓದುವ ಹುಡುಗಿ, ನಡುಬೀದಿಯಲ್ಲಿ ನಿಂತು "ಬೆಂಕಿ ಹಚ್ಚಿದವನು ಒಬ್ಬ, ಬಾಯಿ ಮುಚ್ಚಿಕೊಂಡವರು ನೀವೆಲ್ಲ, ಯಾರು ಕಡಿಮೆ?" ಅಂತ ಕಿರುಚಿದೆ. ನಿನ್ನ ಗಂಟಲು ಕಟ್ಟಿಹೋಗಿತ್ತು, ಘೋಷಣೆಯನ್ನು ಆಮೇಲೆ ನಾನು ಕೂಗಿದೆ. ಆ ಹುಡುಗಿಯ ಹೆಸರು ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಆ ಗಂಟಲು ಎಲ್ಲಿ ಹೋಯಿತು? ಯಾವ ಬಡಾವಣೆಯ ಯಾವ ಹುಲ್ಲುಹಾಸಿನ ಕೆಳಗೆ ಹೂತಿಟ್ಟೆ?

ತನ್ವಿಯ ವಿಷಯಕ್ಕೆ ಬರುತ್ತೇನೆ, ಅವಳನ್ನು ಎತ್ತಿ ಆಡಿಸಿದ ಹಕ್ಕಿನಲ್ಲಿ. ತಾಯಿಗೆ ಬಂದದ್ದನ್ನು ಮಗಳು ತಿಳಿದಿರಬೇಕು, ಅವಳು ಬೇಗನೆ ತಪಾಸಣೆ ಶುರು ಮಾಡಬೇಕು. ಇದನ್ನು ಯಾವ ಡಾಕ್ಟರು ಬೇಕಾದರೂ ಹೇಳುತ್ತಾನೆ, ನಿನ್ನ ಬೀಗರಾಗುವ ಆ ಹೃದಯದ ಡಾಕ್ಟರು ಕೂಡ. ಮುಚ್ಚಿಟ್ಟು ಮಾಡುವ ಮದುವೆಯಲ್ಲಿ ನೀನು ಅವಳಿಗೆ ಒಡವೆಯ ಜೊತೆ ಕತ್ತಲೆಯನ್ನೂ ಕೊಡುತ್ತೀಯ. ಕಾಯಿಲೆ ಕೇಳಿ ಓಡಿಹೋಗುವ ಹುಡುಗ ಈಗಲೇ ಓಡಲಿ.

ಇನ್ನು ನನ್ನ ಮಾತು. ಈ ಶುಕ್ರವಾರ, ಇಪ್ಪತ್ತೆಂಟನೇ ತಾರೀಖಿನವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಹಫ್ಸಾಳ ಮನೆಗೆ ಹೋಗಿ ನಿನ್ನ ಬಾಯಿಂದ ಹೇಳಿರಬೇಕು. ಇಲ್ಲದಿದ್ದರೆ ಆಣೆ ಮುರಿಯುತ್ತೇನೆ. ನಾನೇ ಅವಳಿಗೆ ಎಲ್ಲವನ್ನೂ ಹೇಳುತ್ತೇನೆ: ಆಸ್ಪತ್ರೆಯ ಹೆಸರು, ಆರು ತಾರೀಖು, ಕಸದ ಡಬ್ಬಿಗೆ ಬಿದ್ದ ಬಾಟಲು, ಎಲ್ಲ. ಆಮೇಲೆ ಕ್ಯಾರಿಯ ನಿನ್ನ ಬೀಗರಿಗೂ ಒಂದು ಕಾಗದ ಹೋಗುತ್ತದೆ. ದೇವರಿಗೆ ಏನು ಉತ್ತರ ಕೊಡಬೇಕೋ ನಾನು ಕೊಟ್ಟುಕೊಳ್ಳುತ್ತೇನೆ.

ತನ್ವಿಯ ಬಾಳು ಬೆಳಗಲಿ. ಅವಳಿಗೆ ಯಾವತ್ತೂ ಯಾರ ಮನೆಯಲ್ಲೂ ಬಚ್ಚಿಟ್ಟುಕೊಳ್ಳುವ ಗತಿ ಬಾರದಿರಲಿ. ನಿನಗೆ ನೂರು ವರ್ಷ ಆಯುಸ್ಸಿರಲಿ, ಬೈಗುಳದ ಜೊತೆಗೇ ಹಾರೈಸುತ್ತಿದ್ದೇನೆ, ಎರಡೂ ಮನಸ್ಸಾರೆ.

ನಾಸಿರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೋಟೆಲಿನವನು ರೂಮು ಖಾಲಿ ಮಾಡಲು ಎರಡು ಸಲ ಬಾಗಿಲು ಬಡಿದ, ಆದರೂ ಕವರು ಅಂಟಿಸಲಾರದೆ ಕೂತಿದ್ದೇನೆ.

ಶುಕ್ರವಾರದವರೆಗೆ ಕಾಯುತ್ತೇನೆ ಅಂದದ್ದು ಹಸಿ ಸುಳ್ಳು. ನಿನ್ನೆಯೇ ಹೇಳಿಬಿಟ್ಟೆ. ಆಸ್ಪತ್ರೆ, ತಾರೀಖು, ಬಾಟಲು ಒಂದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿ, ನೋಟ್‌ಬುಕ್ ಮುಚ್ಚಿ, ಮೆಲ್ಲಗೆ ಕೇಳಿದಳು: "ಶೀಲಕ್ಕ ವಾಪಸ್ ಬಂದಾಗ ನಾನು ನಿಮಗೆ ವಿಡಿಯೊ ಕಾಲ್ ಮಾಡಿ ಕೇಳಿದ್ದೆ ಆಪಾ, ಅವರಿಗೆ ಹೇಗೆ ವಾಸಿ ಆಯ್ತು ಅಂತ. ಏನಂದಿದ್ರಿ ಜ್ಞಾಪಕ ಇದೆಯಾ?"

ಇತ್ತು. ಅವಳು ಕೇಳಿದ ಆ ಕ್ಷಣಕ್ಕೆ ನೆನಪಾಯಿತು. ನಿನ್ನ ಆಣೆಯ ಬಿಸಿ ಆರಿರಲಿಲ್ಲ, ಅವಳ ಬಾಯಿ ಮುಚ್ಚಿಸಬೇಕಿತ್ತು. ನಾನು ತಮಾಷೆ ಮಾಡಿ, "ಕೀಮೋನೂ ಇಲ್ಲ ಏನೂ ಇಲ್ಲ, ತನ್ನ ಲ್ಯಾಬಿನ ಮದ್ದನ್ನೇ ನುಂಗಿ ಎದ್ದು ಕೂತಿದಾಳೆ ನಿಮ್ಮ ಶೀಲಕ್ಕ" ಅಂದಿದ್ದೆ. ನಾನು ಮರುದಿನವೇ ಮರೆತೆ. ಅವಳು ಮರೆಯಲಿಲ್ಲ. ಕೇಸ್ ಒಂದು ಬರೆಸಿದವಳು ನೀನಲ್ಲ ಶೀಲಾ. ನಾನು.

"ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದೀರಾ?" ಅಂದಳು. "ಅವತ್ತು" ಅಂದೆ. "ತೌಸಿಫ್ ಕಲಿಸಿಕೊಟ್ಟು ಕರೆಸಿದಾನೆ ನಿಮ್ಮನ್ನ. ಶೀಲಕ್ಕನ ಕಂಡ್ರೆ ನಿಮಗೆ ಮೊದಲಿಂದಲೂ ಹೊಟ್ಟೆಯುರಿ" ಅಂದಳು. ಸಾಕ್ಷಿ ಹೇಳಲು ಹಫೀಜ್ ಇಲ್ಲ. ಒಂದು ಫೋಟೋ ಕೂಡ ಇಟ್ಟುಕೊಳ್ಳಲು ನೀನು ಬಿಡಲಿಲ್ಲ. ಕೊನೆಗೆ ನನ್ನ ಬ್ಯಾಗನ್ನು ಅವಳೇ ತಂದು ಬಾಗಿಲ ಬಳಿ ಇಟ್ಟಳು.

ಆದ್ದರಿಂದ ಮೇಲಿನ ಬೆದರಿಕೆಗೆ ಬೆಲೆ ಇಲ್ಲ, ಕ್ಯಾರಿಗೆ ಯಾವ ಕಾಗದವೂ ಹೋಗುವುದಿಲ್ಲ. ನನ್ನ ಬಗ್ಗೆ ನೀನು ಅವಳಿಗೆ ಏನು ಬೇಕಾದರೂ ಹೇಳು, ಸುಳ್ಳುಬುರುಕಿ ಅನ್ನು, ಹೊಟ್ಟೆಕಿಚ್ಚಿನವಳು ಅನ್ನು, ಹೌದು ಅನ್ನುತ್ತೇನೆ. ಮಾತು ಕೂಡ ಆಡಬೇಡ. ಕೀಮೋಗೆಂದು ನಿನ್ನ ಬಲ ಭುಜದ ಕೆಳಗೆ ಚರ್ಮದೊಳಗೆ ಮದ್ದು ಹರಿಸುವ ಪೋರ್ಟ್ ಹೂಳಿದ್ದರಲ್ಲ, ಅದನ್ನು ತೆಗೆದ ಗಾಯದ ಗೆರೆ ಇದೆ. ಅವಳು ಟೆಕ್ನಿಷಿಯನ್, ಕಂಡದ್ದನ್ನು ನಂಬುತ್ತಾಳೆ. ಹೋಗಿ ಸೆರಗು ಸರಿಸಿ ಅದನ್ನು ತೋರಿಸು. ಅವಳ ಕೀಮೋ ಕುರ್ಚಿ ಸೋಮವಾರ ಬೆಳಿಗ್ಗೆ ಎಂಟೂವರೆಗೆ.